ನೆತ್ತಿಗೆ ಹತ್ತಿದ ತುತ್ತು

ಉಣ್ಣುವಾಗ ಯಾರಿಗಾದರೂ ಕೆಮ್ಮು ಒತ್ತರಿಸಿ ಬಂದು ಕಣ್ಣಲ್ಲಿ ನೀರು ತುಂಬಿದರೆ, ಪಕ್ಕದಲ್ಲಿ ಕುಳಿತವರು ತಲೆಯನ್ನು ಮೆಲ್ಲನೆ ತಟ್ಟಿ, “ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು” ಎನ್ನುವುದು ನಮ್ಮಲ್ಲಿ ವಾಡಿಕೆ. ಮಾತು ಪ್ರೀತಿಯದು; ಶಾಸ್ತ್ರ ಮಾತ್ರ ಬೇರೆ. ಯಾವ ತುತ್ತೂ ನೆತ್ತಿಗೆ ಹತ್ತುವುದಿಲ್ಲ. ಅನ್ನನಾಳಕ್ಕೆ ಇಳಿಯಬೇಕಾಗಿದ್ದ ಅಗುಳೊಂದು ದಾರಿ ತಪ್ಪಿ ಪಕ್ಕದ ಶ್ವಾಸನಾಳದ ಬಾಗಿಲಿಗೆ ಬಡಿದಿರುತ್ತದೆ. ದೇಹವು ಒಡನೆಯೇ ಕೆಮ್ಮಿ ಅದನ್ನು ಹೊರಗೆ ತಳ್ಳುತ್ತದೆ. ನೆನೆಸಿಕೊಂಡವರು ಯಾರಿರಬಹುದೆಂದು ಯೋಚಿಸುತ್ತ ನಾವು ಮತ್ತೆ ತಟ್ಟೆಗೆ ಕೈಹಾಕುತ್ತೇವೆ. ಅಲ್ಲಿಗೆ ಆ ಸಂಗತಿ ಮುಗಿಯಿತು.

ಆದರೆ ದಿನವೂ, ಹೊತ್ತು ಹೊತ್ತಿಗೂ, ತುತ್ತು ತುತ್ತಿಗೂ ನೆತ್ತಿಗೆ ಹತ್ತುವ ಮಕ್ಕಳಿವೆ. ಅವುಗಳಲ್ಲಿ ಅನೇಕ ಮಕ್ಕಳು ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿಗೆ ಒಳಗಾದವು. ಮಿದುಳಿನ ಲಕ್ವ ಎಂದು ಇದನ್ನು ಕನ್ನಡದಲ್ಲಿ ಹೇಳಬಹುದು. ಮಗು ಗರ್ಭದಲ್ಲಿರುವಾಗಲೋ, ಹುಟ್ಟುವ ಹೊತ್ತಿನಲ್ಲೋ, ಹುಟ್ಟಿದ ಅನಂತರದ ಎಳೆಯ ಕಾಲದಲ್ಲೋ ಬೆಳೆಯುತ್ತಿರುವ ಮಿದುಳಿಗೆ ಒಂದು ಪೆಟ್ಟು ತಗಲುತ್ತದೆ. ಆ ಪೆಟ್ಟು ಮುಂದೆ ಹೆಚ್ಚುವುದಿಲ್ಲ. ಆದರೆ ಅದರ ಫಲ ಬಾಳಿನುದ್ದಕ್ಕೂ ಉಳಿಯುತ್ತದೆ. ಸಾವಿರ ಜನನಗಳಲ್ಲಿ ಎರಡು ಮೂರು ಮಕ್ಕಳಿಗೆ ಹೀಗಾಗುತ್ತದೆಂದು ಲೆಕ್ಕ. ಕೈಕಾಲು ಸೆಟೆದುಕೊಳ್ಳುವುದು, ಕತ್ತು ನಿಲ್ಲದಿರುವುದು, ನಡೆ ತಡವಾಗುವುದು, ಇವು ನೋಡಿದವರ ಕಣ್ಣಿಗೆ ಬೀಳುತ್ತವೆ. ಆದರೆ ನಾಲಿಗೆ, ತುಟಿ, ದವಡೆ, ಗಂಟಲು ಇವುಗಳನ್ನು ಆಡಿಸುವವೂ ಸ್ನಾಯುಗಳೇ ಅಲ್ಲವೆ? ಅವೂ ಮಿದುಳಿನ ಅಪ್ಪಣೆಗೆ ಕಾಯುವ ಆಳುಗಳೇ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು, ಕೆಲವು ಅಧ್ಯಯನಗಳ ಪ್ರಕಾರ ಅದಕ್ಕೂ ಹೆಚ್ಚು ಮಕ್ಕಳಿಗೆ ಉಣ್ಣುವ, ಕುಡಿಯುವ, ನುಂಗುವ ಕಷ್ಟ ಇದ್ದೇ ಇರುತ್ತದೆ.

ವೈದ್ಯದ ಚರಿತ್ರೆಯಲ್ಲಿ ಈ ಮಕ್ಕಳ ಕಾಲಿನ ಕಥೆ ಹಳೆಯದು. ಬಾಯಿಯ ಕಥೆ ಈಚಿನದು. ಆ ಎರಡನೆಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡದ ಮೇಷ್ಟರು. ಆದರೂ ಈ ವಿಷಯವನ್ನು ಕೈಗೆತ್ತಿಕೊಳ್ಳಲು ಮನೆಯದೇ ಆದ ಒಂದು ಕಾರಣವಿದೆ.

ನನ್ನ ಊರು ಮಂಡ್ಯದ ಬಳಿಯ ಹೊಳಲು. ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ಇಂದು ಅದು ಹಳ್ಳಿಯೇ ಆದರೂ ಹೆಸರಿನಲ್ಲಿ ಮಾತ್ರ ಹಳೆಯ ಪಟ್ಟಣದ ಗತ್ತು ಉಳಿದಿದೆ. ನಮ್ಮದು ಮುದ್ದೆಯ ಸೀಮೆ. ಮುದ್ದೆಯನ್ನು ಅಗಿಯುವವನು ಪರಸ್ಥಳದವನೆಂದು ಮೊದಲ ತುತ್ತಿನಲ್ಲೇ ಗೊತ್ತಾಗಿಬಿಡುತ್ತದೆ. ಮುರಿದು, ಉಂಡೆ ಕಟ್ಟಿ, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ನುಂಗುವುದು ನಮ್ಮವರ ಕ್ರಮ. ಅದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಕೂಸು ನೋಡುತ್ತ ನೋಡುತ್ತ ಕಲಿಯುತ್ತದೆ. ಇಂತಹ ಸೀಮೆಯಲ್ಲಿ ನುಂಗಲಾರದ ಮಗುವೊಂದು ಹುಟ್ಟಿದರೆ ಅದು ಮನೆಯವರ ಬುದ್ಧಿಗೆ ನಿಲುಕದ ಸಂಗತಿ.

1970ರ ದಶಕದ ಕೊನೆಯಲ್ಲಿ ನನ್ನ ತಮ್ಮ ಹಾಗೆ ಹುಟ್ಟಿದ. ಎರಡು ವರ್ಷವಾದರೂ ಕತ್ತು ನಿಲ್ಲಲಿಲ್ಲ. ಕರೆದರೆ ನಗುತ್ತಿದ್ದ, ಸಂತೋಷವಾದರೆ ಮೈಯೆಲ್ಲ ಬಿಲ್ಲಿನಂತೆ ಬಾಗುತ್ತಿತ್ತು. ಅವನಿಗೆ ಉಣಿಸುವ ಹೊತ್ತು ಬಂದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಅಜ್ಜಿ ಕಾಲು ನೀಡಿ ಕುಳಿತು, ಅವನನ್ನು ಕಾಲಮೇಲೆ ಅಂಗಾತ ಮಲಗಿಸಿಕೊಂಡು, ಒಳಲೆಯಲ್ಲಿ ರಾಗಿ ಗಂಜಿ ಹೊಯ್ಯುತ್ತಿದ್ದಳು. ಬಾಯಿ ಬಿಡದಿದ್ದರೆ ಮೂಗು ಹಿಡಿಯುತ್ತಿದ್ದಳು. ಉಸಿರಿಗಾಗಿ ಬಾಯಿ ತೆರೆದಾಗ ಒಂದು ಹನಿಸು ಒಳಗೆ ಹೋಗುತ್ತಿತ್ತು. ಅವನು ಕೆಮ್ಮಿ, ಕೆಂಪಾಗಿ, ಅರ್ಧವನ್ನು ಕಕ್ಕುತ್ತಿದ್ದ. ಒಂದು ಬಟ್ಟಲು ಗಂಜಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಎದೆಯಲ್ಲಿ ಸದಾ ಗೊರಗೊರ ಸದ್ದು. ನಾಲ್ಕು ತುಂಬುವ ಮೊದಲೇ, ಒಂದು ಮಾರ್ಗಶಿರದ ಚಳಿಯಲ್ಲಿ, ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟ. ಕಫ ಕಟ್ಟಿತು ಎಂದರು. ಕೆಲವರು ಅವ್ವನ ಕಿವಿಗೆ ಬೀಳುವಂತೆಯೇ, “ಹೆತ್ತವಳಿಗೆ ಉಣಿಸೋಕೆ ಬರಲಿಲ್ಲ” ಎಂದರು. ತಮ್ಮನ ಮುಖ ಈಗ ನನಗೆ ಮಸುಕಾಗಿದೆ. ಆ ಮಾತು ಮಸುಕಾಗಿಲ್ಲ.

ಆಗ ನಡೆದುದೇನೆಂಬುದನ್ನು ತಿಳಿಯಬೇಕಾದರೆ ಮೊದಲು ಒಂದು ತುತ್ತಿನ ದಾರಿಯನ್ನು ನೋಡಬೇಕು. ಕನ್ನಡಿಗರಿಗೆ ಇದು ಕಷ್ಟವಲ್ಲ. ನಮ್ಮ ಭಾಷೆಯಲ್ಲಿ ಚೀಪುವುದು ಬೇರೆ, ಹೀರುವುದು ಬೇರೆ, ಕಚ್ಚುವುದು, ಅಗಿಯುವುದು, ಮೆಲ್ಲುವುದು, ಗುಟುಕರಿಸುವುದು, ನುಂಗುವುದು ಎಲ್ಲವೂ ಬೇರೆ ಬೇರೆ. ಒಂದೊಂದಕ್ಕೂ ಒಂದೊಂದು ಕ್ರಿಯಾಪದವನ್ನು ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ಇಂದು ಪರಿಣತರು ಮಗುವಿನ ಬಾಯಿಯನ್ನು ಪರೀಕ್ಷಿಸುವಾಗ ಇವನ್ನೇ ಒಂದೊಂದಾಗಿ ಬಿಡಿಸಿ ನೋಡುತ್ತಾರೆ. ತುಟಿ ಮುಚ್ಚಬೇಕು, ದವಡೆ ಅರೆಯಬೇಕು, ನಾಲಿಗೆ ಅರೆದುದನ್ನು ಉಂಡೆಗೂಡಿಸಿ ಹಿಂದಕ್ಕೆ ತಳ್ಳಬೇಕು. ಅಲ್ಲಿಂದ ಮುಂದೆ ನಮ್ಮ ಇಚ್ಛೆ ನಡೆಯುವುದಿಲ್ಲ. ದೇಹವೇ ಅಧಿಕಾರ ವಹಿಸಿಕೊಳ್ಳುತ್ತದೆ.

ನಾಲೆಯ ಬಯಲಿನವರಿಗೆ ತೂಬಿನ ಕೆಲಸ ಚೆನ್ನಾಗಿ ಗೊತ್ತು. ಒಂದು ಕಡೆಗೆ ನೀರು ಬಿಡಬೇಕಾದರೆ ಇನ್ನೊಂದು ಕಡೆಯ ಬಾಗಿಲನ್ನು ಇಳಿಸಬೇಕು. ಗಂಟಲಿನಲ್ಲಿ ಉಸಿರಿನ ದಾರಿ ಮುಂದಿದೆ, ಅನ್ನದ ದಾರಿ ಹಿಂದಿದೆ; ಎರಡೂ ಒಂದೇ ಕೂಡಲಿನಿಂದ ಕವಲೊಡೆಯುತ್ತವೆ. ತುತ್ತು ಬರುತ್ತಿದ್ದಂತೆ ಮೃದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ; ಧ್ವನಿತಂತುಗಳು ಒತ್ತಿಕೊಳ್ಳುತ್ತವೆ; ಶ್ವಾಸನಾಳದ ಬಾಯಿಯ ಮೇಲೆ ಒಂದು ಮುಚ್ಚಳ ಬಾಗುತ್ತದೆ; ಉಸಿರು ಕ್ಷಣಕಾಲ ನಿಲ್ಲುತ್ತದೆ. ಅದೇ ಕ್ಷಣದಲ್ಲಿ ಅನ್ನನಾಳದ ಬಾಗಿಲು ತೆರೆದು ತುತ್ತು ಒಳಗೆ ಜಾರುತ್ತದೆ. ಗಂಟಲಿನ ಈ ವ್ಯಾಪಾರವೆಲ್ಲ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಮಿದುಳಿನ ಅಪ್ಪಣೆ ತಡವಾಗಿ ಬಂದರೆ, ಅಥವಾ ಅಡ್ಡಾದಿಡ್ಡಿಯಾಗಿ ಬಂದರೆ, ಬಾಗಿಲು ಇಳಿಯುವ ಮೊದಲೇ ನೀರು ನುಗ್ಗಿದಂತೆ ಗಂಜಿ ಶ್ವಾಸನಾಳಕ್ಕೆ ನುಗ್ಗುತ್ತದೆ. ಮತ್ತೆ ಮತ್ತೆ ಹಾಗಾದರೆ ಶ್ವಾಸಕೋಶ ಕೆಡುತ್ತದೆ. ನಮ್ಮ ಮನೆಯಲ್ಲಿ ಕೇಳುತ್ತಿದ್ದ ಗೊರಗೊರ ಸದ್ದಿನ ಅರ್ಥ ಇದೇ ಇದ್ದಿರಬೇಕು.

ಪ್ರಾಚೀನರು ಇಂತಹ ಮಕ್ಕಳನ್ನು ಕಂಡಿರಲಿಲ್ಲವೆ? ಕಂಡಿದ್ದರು. ಮಕ್ಕಳ ವೈದ್ಯಕ್ಕೆ ಮೀಸಲಾದ ನಮ್ಮ ಪ್ರಾಚೀನ ಗ್ರಂಥವೆಂದರೆ ಕಾಶ್ಯಪಸಂಹಿತೆ. ಅದರ ಹಸ್ತಪ್ರತಿ ನೇಪಾಳದಲ್ಲಿ ದೊರೆತು 1938ರಲ್ಲಿ ಅಚ್ಚಾಯಿತು. ಒಂದು ವರ್ಷ ತುಂಬಿದರೂ ನಡೆಯದ ಮಗುವಿನ ಸ್ಥಿತಿಯನ್ನು ಅದರಲ್ಲಿ ‘ಫಕ್ಕ’ ಎಂದು ಕರೆದಿದೆ. ತಾಯಿಯ ಹಾಲಿನ ದೋಷದಿಂದ ಬರುವುದು, ಗರ್ಭದ ಕಾರಣದಿಂದ ಬರುವುದು, ಬೇರೆ ವ್ಯಾಧಿಯಿಂದ ಬರುವುದು ಎಂದು ಮೂರು ಬಗೆಗಳನ್ನು ಎಣಿಸಿದೆ. ಫಕ್ಕವೆಲ್ಲ ಸೆರೆಬ್ರಲ್ ಪಾಲ್ಸಿ ಎಂದು ಹೇಳುವುದು ಅತಿಯಾದೀತು. ಪೋಷಣೆಯ ಕೊರತೆಯಿಂದ ಸೊರಗಿದ ಮಕ್ಕಳೂ ಅದರಲ್ಲಿ ಸೇರಿವೆ. ಆದರೂ ಔಷಧದ ಜೊತೆಗೆ ಆ ಗ್ರಂಥ ಹೇಳುವ ಒಂದು ಉಪಾಯ ಆಶ್ಚರ್ಯ ಹುಟ್ಟಿಸುತ್ತದೆ. ಅದು ಮೂರು ಗಾಲಿಯ ಒಂದು ಪುಟ್ಟ ರಥ. ಮಗು ಅದನ್ನು ಹಿಡಿದು ನಡಿಗೆಯನ್ನು ಅಭ್ಯಾಸ ಮಾಡಬೇಕು. ಇಂದಿಗೂ ನಮ್ಮ ಮನೆಗಳಲ್ಲಿ ಮಕ್ಕಳು ತಳ್ಳುವ ಮೂರು ಗಾಲಿಯ ಮರದ ಗಾಡಿ ಅದರ ಬಂಧುವೇ ಸರಿ. ಹೀಗೆ ಕಾಲಿಗೆ ರಥ ದೊರಕಿತು. ಬಾಯಿಗೆ ದೊರಕಿದುದು ಒಳಲೆ.

ಒಳಲೆಯನ್ನು ನಾನು ಹಳಿಯಲಾರೆ. ಬೆಳ್ಳಿಯದೋ ಹಿತ್ತಾಳೆಯದೋ, ಮೂತಿಯುಳ್ಳ ಆ ಪುಟ್ಟ ಪಾತ್ರೆ ಎಷ್ಟೋ ತಲೆಮಾರಿನ ಮಕ್ಕಳಿಗೆ ಹಾಲೂಡಿದೆ. ಮೊಲೆ ಚೀಪಲಾರದ ದಿನತುಂಬದ ಕೂಸುಗಳಿಗೆ ತಾಯಿಯ ಹಾಲನ್ನು ಅದರಿಂದ ಕುಡಿಸುವ ಪದ್ಧತಿ ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಉಂಟು. ಅಲ್ಲಿ ಕೂಸಿನ ತಲೆಯನ್ನು ಎತ್ತಿ ಹಿಡಿದು, ತುಟಿಗೆ ತಾಗಿಸಿ, ಅದು ಗುಟುಕರಿಸಿದಷ್ಟೇ ಕೊಡುತ್ತಾರೆ. ದೋಷ ಪಾತ್ರೆಯದಲ್ಲ, ಭಂಗಿಯದು. ಅಂಗಾತ ಮಲಗಿಸಿ, ಕತ್ತನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು ಹೊಯ್ದರೆ ಉಸಿರಿನ ಬಾಗಿಲು ತೆರೆದಿರುವಾಗಲೇ ನೀರು ಬಿಟ್ಟಂತಾಯಿತು. ಗಟ್ಟಿಮುಟ್ಟಾದ ಮಗು ಕೆಮ್ಮಿ ಪಾರಾಗುತ್ತದೆ. ಕೆಮ್ಮುವುದಕ್ಕೂ ಬಲ ಸಾಲದ ಮಗು ಪಾರಾಗುವುದಿಲ್ಲ.

ಪಶ್ಚಿಮದಲ್ಲಿಯೂ ಮೊದಲು ಕಂಡುದು ಕಾಲೇ. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್ 1810ರಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ಬೇನೆಯಿಂದ ಅವನ ಒಂದು ಪಾದ ಸೊಟ್ಟಗಾಗಿತ್ತು. 1836ರಲ್ಲಿ ಜರ್ಮನಿಯ ಸ್ಟ್ರೋಮೆಯರ್ ಎಂಬ ಶಸ್ತ್ರವೈದ್ಯನಿಂದ ಆ ಪಾದವನ್ನು ಸರಿಪಡಿಸಿಕೊಂಡು, ಅದೇ ವಿದ್ಯೆಯನ್ನು ಕಲಿತು ಊರಿಗೆ ಮರಳಿದ. ತನ್ನ ಕಾಲಿನ ನೋವೇ ಅವನನ್ನು ಇತರರ ಕಾಲಿನ ಕಡೆಗೆ ಕರೆದೊಯ್ದಿತೆನ್ನಬಹುದು. 1843ರಿಂದ ಮೊದಲುಗೊಂಡು ಅವನು ಮಕ್ಕಳ ಕೈಕಾಲುಗಳ ಸೆಡವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟ. 1861ರಲ್ಲಿ, ಕಷ್ಟದ ಹೆರಿಗೆ, ದಿನತುಂಬದ ಜನನ, ಹುಟ್ಟಿದೊಡನೆ ಉಸಿರು ಕಟ್ಟುವುದು ಇವುಗಳಿಗೂ ಮುಂದೆ ಕಾಣುವ ಈ ಸೆಡವಿಗೂ ಸಂಬಂಧವಿದೆಯೆಂದು ಪ್ರಸೂತಿ ವೈದ್ಯರ ಸಭೆಯ ಮುಂದೆ ವಾದಿಸಿದ. ಬಹುಕಾಲದವರೆಗೆ ಇದಕ್ಕೆ ‘ಲಿಟ್ಲನ ರೋಗ’ ಎಂದೇ ಹೆಸರಿತ್ತು. 1889ರಲ್ಲಿ ವಿಲಿಯಂ ಆಸ್ಲರ್ ಬರೆದ ಪುಸ್ತಕದಿಂದ ಸೆರೆಬ್ರಲ್ ಪಾಲ್ಸಿ ಎಂಬ ಮಾತು ಬಳಕೆಗೆ ಬಂದು ನೆಲೆನಿಂತಿತು.

ಮುಂದೆ ಮನಶ್ಶಾಸ್ತ್ರಕ್ಕಾಗಿ ಲೋಕಪ್ರಸಿದ್ಧನಾದ ಸಿಗ್ಮಂಡ್ ಫ್ರಾಯ್ಡ್ ಮೊದಲು ನರವೈದ್ಯನಾಗಿದ್ದುದು ಅನೇಕರಿಗೆ ತಿಳಿಯದು. ಅವನು 1897ರಲ್ಲಿ ಈ ಮಕ್ಕಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ಬರೆದ. ಹೆರಿಗೆ ಕಷ್ಟವಾದುದರಿಂದ ಮಗು ಹೀಗಾಯಿತೋ, ಗರ್ಭದಲ್ಲೇ ಏನೋ ಕೆಟ್ಟಿದ್ದುದರಿಂದ ಹೆರಿಗೆ ಕಷ್ಟವಾಯಿತೋ ಎಂದು ಅವನು ಕೇಳಿದ. ಆ ಪ್ರಶ್ನೆಗೆ ಬಹುಕಾಲ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ. 1986ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ, ಹೆರಿಗೆಯ ಹೊತ್ತಿನ ಉಸಿರುಕಟ್ಟುವಿಕೆ ಒಂದು ಸಣ್ಣ ಭಾಗಕ್ಕೆ ಮಾತ್ರ ಕಾರಣವೆಂದು ತೋರಿಸಿತು. ಸೂಲಗಿತ್ತಿಯನ್ನೋ ತಾಯಿಯನ್ನೋ ದೂರುವ ಮೊದಲು ಈ ಮಾತನ್ನು ನೆನೆಯುವುದು ಒಳ್ಳೆಯದು.

ಇಷ್ಟಾದರೂ ಬಾಯಿಯೊಳಗಿನ ಕಥೆ ಕತ್ತಲೆಯಲ್ಲೇ ಇತ್ತು. ಗಂಟಲಿನಲ್ಲಿ ತುತ್ತು ಇಳಿಯುವುದನ್ನು ಕಣ್ಣಾರೆ ಕಂಡವರು ಯಾರು? 1895ರಲ್ಲಿ ರಾಂಟ್ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ. ಮರುವರ್ಷವೇ ಅಮೆರಿಕದ ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯ ವಿದ್ಯಾರ್ಥಿ ಒಂದು ಬಾತುಕೋಳಿಗೆ ಬಿಸ್ಮತ್ ಬೆರೆಸಿದ ಆಹಾರವನ್ನು ತಿನ್ನಿಸಿ, ಅದರ ಉದ್ದನೆಯ ಕತ್ತಿನಲ್ಲಿ ತುತ್ತಿನ ನೆರಳು ಇಳಿಯುವುದನ್ನು ನೋಡಿದ. ಲೋಹದ ಅಂಶವಿದ್ದುದರಿಂದ ಆಹಾರ ಕಿರಣಗಳನ್ನು ತಡೆದು ಕಪ್ಪಾಗಿ ಕಂಡಿತು. ನುಂಗುವಿಕೆ ಕಣ್ಣಿಗೆ ಬಿದ್ದ ಕಾಲ ಅದು. ಆದರೆ ಆ ಬೆಳಕು ಅಂಗವಿಕಲ ಮಗುವಿನ ತಟ್ಟೆಯ ಬಳಿಗೆ ಬರಲು ಇನ್ನೂ ಬಹುಕಾಲ ಬೇಕಾಯಿತು.

ಈಗ ಕಥೆ ನಮ್ಮ ಸೀಮೆಯತ್ತ ತಿರುಗುತ್ತದೆ. ಅಮೆರಿಕದ ಕ್ಯಾನ್ಸಸ್ ಸೀಮೆಯ ವಿಚಿಟಾ ಎಂಬ ಊರಿನಲ್ಲಿ ಮಾರ್ಟಿನ್ ಪಾಮರ್ ಎಂಬ ವಾಕ್‌ತಜ್ಞ 1934ರಲ್ಲಿ ಮಾತಿನ ದೋಷಗಳ ಚಿಕಿತ್ಸೆಗೆ ಒಂದು ಸಂಸ್ಥೆಯನ್ನು ಕಟ್ಟಿದ. ಮಾತು ಬಾರದ ಮಕ್ಕಳು ಅವನ ಬಳಿಗೆ ಬರುತ್ತಿದ್ದರು. ಅವರಲ್ಲಿ ಮಿದುಳಿನ ಲಕ್ವವಿದ್ದ ಮಕ್ಕಳೂ ಇದ್ದರು. ಮಾತಿಗೆ ಬೇಕಾದ ತುಟಿ, ನಾಲಿಗೆ, ದವಡೆಗಳೇ ಊಟಕ್ಕೂ ಬೇಕಲ್ಲವೆ? ಈ ಮಕ್ಕಳ ಚೀಪುವಿಕೆ, ಅಗಿಯುವಿಕೆ, ನುಂಗುವಿಕೆಗಳನ್ನು ತಿದ್ದಲು ಮನೆಯಲ್ಲಿಯೇ ಮಾಡಬಹುದಾದ ಅಭ್ಯಾಸಗಳನ್ನು ಕುರಿತು ಪಾಮರ್ 1947ರಲ್ಲಿ ಒಂದು ಲೇಖನ ಬರೆದ. ‘ಮನೆಯಲ್ಲಿಯೇ’ ಎಂಬುದು ಇಲ್ಲಿ ಮುಖ್ಯವಾದ ಮಾತು. ಬಾಯಿಯ ಕಥೆಯನ್ನು ಪ್ರತ್ಯೇಕವಾಗಿ ಎತ್ತಿ ಹೇಳಿದ ಮೊದಮೊದಲ ಬರಹಗಳಲ್ಲಿ ಅದೂ ಒಂದು.

ಇದೇ ಪಾಮರ್, ಮುಂದೆ 1960ರ ದಶಕದಲ್ಲಿ ಭಾರತದಲ್ಲಿ ಇಂತಹದೇ ಒಂದು ಸಂಸ್ಥೆ ಕಟ್ಟುವುದಕ್ಕೆ ಸಲಹೆ ಕೊಟ್ಟವರಲ್ಲಿ ಒಬ್ಬ. ಅದು ನೆಲೆಗೊಂಡುದು ಮೈಸೂರಿನಲ್ಲಿ. 1965ರಲ್ಲಿ ಆರಂಭವಾದಾಗ ಅದಕ್ಕೆ ವಿಚಿಟಾದ ಸಂಸ್ಥೆಯ ಹೆಸರೇ ಇತ್ತು: ಇನ್‌ಸ್ಟಿಟ್ಯೂಟ್ ಆಫ್ ಲಾಗೊಪೀಡಿಕ್ಸ್. ಮಹಾರಾಜ ಜಯಚಾಮರಾಜ ಒಡೆಯರು ಕೊಟ್ಟ ನೆಲದಲ್ಲಿ 1966ರ ಜುಲೈ ತಿಂಗಳಲ್ಲಿ ರಾಷ್ಟ್ರಪತಿ ಸರ್ವೇಪಲ್ಲಿ ರಾಧಾಕೃಷ್ಣನ್ ಶಂಕುಸ್ಥಾಪನೆ ಮಾಡಿದರು. ಅವರು ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದನ್ನು ಮೈಸೂರಿಗರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ವರ್ಷ ಆ ಸಂಸ್ಥೆ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಾಯಿತು. ಇಂದು ಮಾನಸಗಂಗೋತ್ರಿಯ ಆ ಆವರಣದಲ್ಲಿ ಮಾತು ಮತ್ತು ಕಿವಿಯ ತೊಂದರೆಗಳಂತೆಯೇ ನುಂಗುವ ತೊಂದರೆಯನ್ನೂ ನೋಡುತ್ತಾರೆ. ಉತ್ತರದಿಂದಲೂ ದಕ್ಷಿಣದಿಂದಲೂ ಜನ ಮಕ್ಕಳನ್ನೆತ್ತಿಕೊಂಡು ಅಲ್ಲಿಗೆ ಬರುತ್ತಾರೆ.

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ನನ್ನ ತಮ್ಮ ಹುಟ್ಟುವ ವೇಳೆಗೆ ಆ ಸಂಸ್ಥೆಗೆ ಹತ್ತು ವರ್ಷ ದಾಟಿತ್ತು. ನಮ್ಮವರು ದಸರೆಗೆ ಮೈಸೂರಿಗೆ ಹೋಗುತ್ತಿದ್ದರು, ಚಾಮುಂಡಿ ಬೆಟ್ಟ ಹತ್ತುತ್ತಿದ್ದರು, ತಮ್ಮನಿಗಾಗಿ ಹರಕೆಯನ್ನೂ ಹೊತ್ತಿದ್ದರು. ಆದರೆ ನುಂಗಲಾರದ ಮಗುವನ್ನು ಮಾತಿನ ಆಸ್ಪತ್ರೆಗೆ ಕರೆದೊಯ್ಯಬಹುದೆಂದು ಯಾರಿಗೆ ಹೊಳೆದೀತು? ಹೊಳೆದಿದ್ದರೂ ಅವನು ಉಳಿಯುತ್ತಿದ್ದನೆಂದು ಹೇಳಲಾರೆ. ಆ ವಿದ್ಯೆಯೇ ಆಗಿನ್ನೂ ಎಳೆಯದಾಗಿತ್ತು.

ಅದು ಬೆಳೆದ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಲಂಡನ್ನಿನಲ್ಲಿ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿಗಳು ಎರಡನೆಯ ಮಹಾಯುದ್ಧದ ಕಾಲದಿಂದ ಈ ಮಕ್ಕಳ ಮೈಯ ಭಂಗಿಯನ್ನು ತಿದ್ದುವ ಕ್ರಮವೊಂದನ್ನು ರೂಪಿಸುತ್ತಿದ್ದರು. ಅದರ ಆಧಾರದ ಮೇಲೆ ನ್ಯಾನ್ಸಿ ಫಿನ್ನಿ ಎಂಬಾಕೆ 1968ರಲ್ಲಿ ತಾಯ್ತಂದೆಗಳಿಗಾಗಿ ಒಂದು ಪುಸ್ತಕ ಬರೆದರು. ಅದರಲ್ಲಿ ಉಣಿಸುವ ಅಧ್ಯಾಯವನ್ನು ಹೆಲೆನ್ ಮುಲ್ಲರ್ ಬರೆದರು. ಕತ್ತು ಹಿಂದಕ್ಕೆ ಬಿದ್ದರೆ ಗಂಟಲು ಕೆಲಸ ಮಾಡದು. ಮೊದಲು ಮೈಯನ್ನು ಸರಿಯಾಗಿ ಕೂರಿಸು, ಆಮೇಲೆ ಬಾಯಿಗೆ ಕೊಡು ಎಂಬುದು ಅದರ ತಿರುಳು. ಬೇಕಾದಾಗ ಉಣಿಸುವವರು ತಮ್ಮ ಬೆರಳುಗಳಿಂದಲೇ ಮಗುವಿನ ದವಡೆಗೆ ಆಸರೆ ಕೊಡುವ ವಿಧಾನವೂ ಅದರಲ್ಲಿತ್ತು.

1979ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಎಂಬ ವೈದ್ಯರು, ನುಂಗಲಾರದ ನಾಲ್ಕೂವರೆ ತಿಂಗಳ ಕೂಸೊಂದಕ್ಕೆ, ಹೊಟ್ಟೆಯನ್ನು ಕೊಯ್ದು ತೆರೆಯದೆ, ಎಂಡೋಸ್ಕೋಪಿನ ನೆರವಿನಿಂದ ಜಠರಕ್ಕೆ ನೇರವಾಗಿ ನಳಿಕೆಯನ್ನು ಕೂರಿಸಿದರು. ಬಾಯಿಯ ದಾರಿ ಪೂರ್ತಿ ಕೆಟ್ಟ ಮಗುವೂ ಹಸಿವಿನಿಂದ ಸೊರಗದೆ ಉಳಿಯಲು ಇದರಿಂದ ಒಂದು ದಾರಿಯಾಯಿತು. 1983ರಲ್ಲಿ ಜೆರಿ ಲೊಗೆಮನ್ ಎಂಬಾಕೆ ನುಂಗುವಿಕೆಯ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಕುರಿತು ಪ್ರಕಟಿಸಿದ ಗ್ರಂಥ ಈ ಶಾಸ್ತ್ರಕ್ಕೆ ಬುನಾದಿಯಾಯಿತು. ಬೇರಿಯಂ ಬೆರೆಸಿದ ತುತ್ತನ್ನು ಕೊಟ್ಟು ಕ್ಷ-ಕಿರಣದ ಚಲಚ್ಚಿತ್ರದಲ್ಲಿ ಅದರ ದಾರಿಯನ್ನು ನೋಡುವುದು ಬಳಕೆಗೆ ಬಂದಿತು. ಕ್ಯಾನನ್ ಬಾತುಕೋಳಿಯಲ್ಲಿ ಕಂಡುದನ್ನು ಈಗ ಮಗುವಿನಲ್ಲಿ ಕಾಣಬಹುದಾಯಿತು. ಆಗ ಹೊರಬಿದ್ದ ಒಂದು ಸತ್ಯ ಎಲ್ಲರನ್ನೂ ಬೆಚ್ಚಿಸುವಂತಹುದು. ಕೆಲವು ಮಕ್ಕಳಲ್ಲಿ ಆಹಾರ ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದೇ ಇಲ್ಲ. ಮೌನವಾಗಿ ಇಳಿಯುತ್ತದೆ. “ಕೆಮ್ಮಲಿಲ್ಲ, ಆದ್ದರಿಂದ ಸರಿಯಾಗಿ ನುಂಗಿತು” ಎಂಬ ಮಾತನ್ನು ಎಲ್ಲ ಮಕ್ಕಳಿಗೂ ಹೇಳುವಂತಿಲ್ಲ.

ನಮ್ಮ ದೇಶದಲ್ಲಿ ಮಿಥು ಆಲೂರ್ ಅವರು 1972ರಲ್ಲಿ ಮುಂಬಯಿಯಲ್ಲಿ ಈ ಮಕ್ಕಳಿಗಾಗಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಕಟ್ಟಿದರು. ಅವರ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದ್ದುದೇ ಅದಕ್ಕೆ ಪ್ರೇರಣೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಕರ್ನಾಟಕದ ಸ್ಪಾಸ್ಟಿಕ್ಸ್ ಸೊಸೈಟಿ ಕೆಲಸಕ್ಕೆ ತೊಡಗಿತು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಸೆರೆಬ್ರಲ್ ಪಾಲ್ಸಿಗೆ ಹೆಸರು ಹಿಡಿದು ಸ್ಥಾನ ದೊರೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಎಣಿಸಿದ 21 ವೈಕಲ್ಯಗಳಲ್ಲಿ ಇದೂ ಒಂದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸಿ, ಬೆಳವಣಿಗೆ ತಡವಾದವರನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುವ ಏರ್ಪಾಡಿದೆ. ಮಂಡ್ಯದ ಜಿಲ್ಲಾ ಆಸ್ಪತ್ರೆ ಇಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹೊಳಲಿನವರಿಗೆ ಅದು ಕೂಗಳತೆಯ ದೂರವೆಂದೇ ಹೇಳಬೇಕು.

ಚರಿತ್ರೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಅಡುಗೆಮನೆಯ ಹೊಸ್ತಿಲಿನಲ್ಲಿ. ನೂರೆಂಬತ್ತು ವರ್ಷಗಳ ಶೋಧನೆ ತಾಯಿಯ ಕೈಗೆ ಕೊಟ್ಟುದೇನು ಎಂದು ಕೇಳಿದರೆ ಉತ್ತರ ಬಹಳ ಸರಳವಾಗಿದೆ. ಮಗುವನ್ನು ಮಲಗಿಸಿ ಉಣಿಸಬಾರದು; ಕೂರಿಸಿ ಉಣಿಸಬೇಕು. ಸೊಂಟ ಮಡಿದು, ಪಾದಕ್ಕೆ ಆಸರೆಯಿದ್ದು, ತಲೆ ನೇರವಾಗಿ ನಿಂತು, ಗಲ್ಲ ಒಂದಿಷ್ಟು ಎದೆಯ ಕಡೆಗೆ ಬಾಗಿರಬೇಕು. ಉಣಿಸುವವರು ಎತ್ತರದಲ್ಲಿ ನಿಂತರೆ ಮಗು ಕತ್ತೆತ್ತಿ ನೋಡುತ್ತದೆ. ಆದ್ದರಿಂದ ಅದರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಬೇಕು. ಚಮಚ ಸಣ್ಣದಾಗಿ, ಹೆಚ್ಚು ಆಳವಿಲ್ಲದ್ದಾಗಿ ಇರಬೇಕು. ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಅಳುವಾಗ, ನಗುವಾಗ, ನಿದ್ದೆಗಣ್ಣಿನಲ್ಲಿರುವಾಗ ಕೊಡಬಾರದು. ಮೂಗನ್ನಂತೂ ಎಂದಿಗೂ ಹಿಡಿಯಬಾರದು. ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂರಿಸಿಯೇ ಇರಬೇಕು, ಬಾಯಿಯನ್ನು ಶುಚಿಗೊಳಿಸಬೇಕು.

ಆಹಾರದ ಹದವೂ ಮುಖ್ಯ. ತೆಳ್ಳನೆಯದನ್ನು ನುಂಗುವುದು ಸುಲಭವೆಂದು ನಾವು ಭಾವಿಸುತ್ತೇವೆ. ಈ ಮಕ್ಕಳಲ್ಲಿ ಅನೇಕರಿಗೆ ನೀರೇ ಕಷ್ಟ. ಬಾಗಿಲು ಇಳಿಯುವ ಮೊದಲೇ ಅದು ಓಡುತ್ತದೆ. ಗಂಟಿಲ್ಲದೆ ಕಾಯಿಸಿದ ರಾಗಿ ಸರಿ ಕೆಲವರಿಗೆ ಹಿಡಿಸುತ್ತದೆ. ತಿಳಿಸಾರಿನಲ್ಲಿ ಅಗುಳು ತೇಲುವ ಅನ್ನ ಬಲು ಕಷ್ಟ, ಏಕೆಂದರೆ ಅದರಲ್ಲಿ ನೀರಿಗೊಂದು ನಡೆ, ಅಗುಳಿಗೊಂದು ನಡೆ. ಹದವನ್ನು ಸೊನ್ನೆಯಿಂದ ಏಳರವರೆಗೆ ಅಳೆಯುವ ಅಂತರರಾಷ್ಟ್ರೀಯ ಕ್ರಮವೊಂದು ಈಗ ಬಂದಿದೆ. ಮಗುವಿನ ಉಣ್ಣುವ ಶಕ್ತಿಯನ್ನು ಐದು ಮೆಟ್ಟಿಲುಗಳಲ್ಲಿ ಗುರುತಿಸುವ ಪದ್ಧತಿ 2014ರಲ್ಲಿ ಪ್ರಕಟವಾಯಿತು. ಆದರೆ ಯಾವ ಮಗುವಿಗೆ ಯಾವ ಹದ ಎಂಬುದನ್ನು ಪರೀಕ್ಷಿಸಿ ಹೇಳಬೇಕಾದವರು ಬಲ್ಲವರೇ. ನೆರೆಮನೆಯವರೂ ಅಲ್ಲ, ನನ್ನಂತಹ ಮೇಷ್ಟರೂ ಅಲ್ಲ. ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದು, ಉಂಡ ಮೇಲೆ ದನಿ ಒದ್ದೆಯಾದಂತೆ ಗೊರಗುಟ್ಟುವುದು, ಉಣ್ಣುವಾಗ ಕಣ್ಣಲ್ಲಿ ನೀರು ಬರುವುದು, ಮತ್ತೆ ಮತ್ತೆ ಎದೆ ಕಟ್ಟಿ ಜ್ವರ ಬರುವುದು, ತೂಕ ಏರದಿರುವುದು, ಇವುಗಳಲ್ಲಿ ಯಾವುದನ್ನು ಕಂಡರೂ ತಡಮಾಡದೆ ತೋರಿಸಬೇಕು. ನಳಿಕೆ ಹಾಕಿಸಬೇಕೆಂದು ವೈದ್ಯರು ಹೇಳಿದರೆ ಅದನ್ನು ತಾಯಿ ಸೋತ ಗುರುತೆಂದು ಭಾವಿಸಬಾರದು. ಹೊಟ್ಟೆ ತುಂಬಿದ ಮಗುವಿಗೆ ಬಾಯಿಯ ರುಚಿಯನ್ನು ವೈದ್ಯರ ಸಲಹೆಯಂತೆ ಸ್ವಲ್ಪ ಸ್ವಲ್ಪವಾಗಿ ಕಲಿಸಲು ಎಷ್ಟೋ ಸಲ ಆಗಲೇ ಬಿಡುವು ದೊರೆಯುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ಇಂತಹದೇ ಒಂದು ಹೆಣ್ಣುಮಗು ಹುಟ್ಟಿತು. ಅದರ ತಂದೆ ತಾಯಿ ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋಗಿಬಂದರು. ಮೂಲೆಯಿರುವ ಒಂದು ಮರದ ಕುರ್ಚಿಯನ್ನು ಊರಿನ ಆಚಾರಿಯಿಂದಲೇ ಮಾಡಿಸಿದರು. ಒಂದು ಸಂಜೆ ನನ್ನ ಅವ್ವ ಆ ಮನೆಯ ಜಗುಲಿಯಲ್ಲಿ ಕುಳಿತಿದ್ದಳು. ಆಕೆಗೆ ಆಗ ಎಂಬತ್ತರ ಹತ್ತಿರ. ಮಗು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿತ್ತು; ತಾಯಿ ಎದುರಿಗೆ ಮಣೆಯ ಮೇಲೆ ಕುಳಿತು ಚಮಚದಲ್ಲಿ ಸರಿ ಕೊಡುತ್ತಿದ್ದಳು. ಒಂದು ತುತ್ತು, ಕಾಯುವುದು, ಗಂಟಲು ಏರಿ ಇಳಿಯುವುದನ್ನು ನೋಡುವುದು, ಮತ್ತೊಂದು ತುತ್ತು. ಕೆಮ್ಮಿಲ್ಲ, ಕೂಗಿಲ್ಲ. ಇಪ್ಪತ್ತು ನಿಮಿಷದಲ್ಲಿ ಬಟ್ಟಲು ಬರಿದಾಯಿತು. ಅವ್ವ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ನನ್ನ ಕಡೆಗೆ ತಿರುಗಿ, “ಕೂರ್ಸಿ ಕೊಡ್ಬೇಕಾಗಿತ್ತಾ ಮಗಾ?” ಎಂದಳು.

“ಆಗ ಯಾರಿಗೂ ಗೊತ್ತಿರಲಿಲ್ಲ ಕಣವ್ವ” ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಗೊತ್ತಿದ್ದವರು ಲೋಕದಲ್ಲೇ ಕೆಲವರು. ಅವರ ಮಾತು ನಮ್ಮೂರಿಗೆ ಬಂದಿರಲಿಲ್ಲ. ಈಗ ಬಂದಿದೆ. ಆದುದರಿಂದ, ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಪ್ರತಿ ತುತ್ತೂ ನೆತ್ತಿಗೆ ಹತ್ತುವ ಮಗುವಿದ್ದರೆ, ಅದರ ತಾಯಿಗೆ ಉಣಿಸಲು ಬರುವುದಿಲ್ಲವೆಂದು ಹೇಳಬೇಡಿ. ಮೈಸೂರಿಗೆ ಒಂದು ಗಂಟೆಯ ದಾರಿಯೆಂದು ಹೇಳಿ. ಸಾಧ್ಯವಾದರೆ ಜೊತೆಗೆ ಹೋಗಿಬನ್ನಿ.